ಗಾಲಿಕುರ್ಚಿಯೂ ನಾಟಕಶಾಲೆಯೂ

ನೂರಾರು ಮಂದಿ ಒಂದೆಡೆ ಕೂಡಿ ಆಟ ನೋಡುವಾಗ ಎಲ್ಲರಿಗೂ ರಂಗ ಕಾಣುವಂತೆ ಮಾಡುವುದು ಹೇಗೆ? ಇದು ಬಹು ಹಳೆಯ ಸಮಸ್ಯೆ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಗ್ರೀಸಿನ ಎಪಿಡಾರಸ್ ಎಂಬಲ್ಲಿ ಬಯಲು ನಾಟಕಶಾಲೆಯನ್ನು ಕಟ್ಟಿದವರು ಗುಡ್ಡದ ಇಳುಕಲಿನ ಮೇಲೆ ಕಲ್ಲಿನ ಆಸನಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ ಇದನ್ನು ಬಿಡಿಸಿದರು. 1838ರಲ್ಲಿ ಸ್ಕಾಟ್ಲೆಂಡಿನ ಜಾನ್ ಸ್ಕಾಟ್ ರಸೆಲ್ ಅದೇ ವಿಷಯಕ್ಕೆ ಗಣಿತದ ರೂಪ ಕೊಟ್ಟನು. ಕಾಲುವೆಯ ನೀರಿನಲ್ಲಿ ಒಂಟಿ ಅಲೆಯೊಂದನ್ನು ಕಂಡು, ಕುದುರೆಯೇರಿ ಅದರ ಬೆನ್ನಟ್ಟಿದ ವಿಜ್ಞಾನಿ ಇವನೇ. ಹಿಂದೆ ಕುಳಿತವನ ದೃಷ್ಟಿರೇಖೆಯು ಮುಂದಿನವನ ತಲೆಯ ಮೇಲಿಂದ ಹಾಯಬೇಕಾದರೆ, ಆಸನಗಳ ಸಾಲು ಹಿಂದೆ ಹೋದಂತೆಲ್ಲ ಹೆಚ್ಚು ಕಡಿದಾಗಿ ಏರಬೇಕೆಂದು ಇವನು ತೋರಿಸಿಕೊಟ್ಟನು. ಇಂದಿನ ಚಲನಚಿತ್ರಮಂದಿರಗಳೂ ಕ್ರೀಡಾಂಗಣಗಳೂ ಈ ತತ್ತ್ವವನ್ನೇ ಅನುಸರಿಸುತ್ತವೆ.

ಆದರೆ ಈ ಪರಿಹಾರದಲ್ಲಿ ಒಂದು ಊಹೆ ಅಡಗಿದೆ. ಪ್ರೇಕ್ಷಕನಾದವನು ಮೆಟ್ಟಿಲು ಹತ್ತಬಲ್ಲನೆಂಬುದೇ ಆ ಊಹೆ. ಕಣ್ಣಿಗೆ ಹಿತವಾದ ಮೆಟ್ಟಿಲು ಗಾಲಿಗೆ ಅಡ್ಡಿಯಾಗುತ್ತದೆ. ಗಾಲಿಕುರ್ಚಿಯಲ್ಲಿ ಬರುವ ಪ್ರೇಕ್ಷಕರನ್ನು ಎಲ್ಲಿ ಕೂರಿಸಬೇಕು ಎಂಬ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ. ಅವರನ್ನು ಒಳಗೆ ಬಿಟ್ಟ ಮಾತ್ರಕ್ಕೆ ನಮ್ಮ ಕರ್ತವ್ಯ ಮುಗಿಯಿತೆಂದು ಹೆಚ್ಚಿನವರು ಭಾವಿಸುತ್ತಾರೆ. ಇದು ತಪ್ಪು ಎಂಬುದು ಈ ಲೇಖಕನ ಅಭಿಪ್ರಾಯ. ಉಳಿದವರಿಗೆ ಕಾಣುವಷ್ಟೇ ಚೆನ್ನಾಗಿ ಅವರಿಗೂ ಆಟ ಕಾಣುವ ತನಕ ಕಟ್ಟಡ ಪೂರ್ತಿಯಾಯಿತೆಂದು ಹೇಳಲಾಗದು.

ಮೊದಲು ಬಾಗಿಲಿನ ವಿಷಯವನ್ನೇ ನೋಡೋಣ. ಗಾಲಿಕುರ್ಚಿಯೂ ಅದರಲ್ಲಿ ಕುಳಿತವರೂ ಸೇರಿ 90 ಕಿಲೋಗ್ರಾಂ ತೂಗುತ್ತಾರೆಂದು ಇಟ್ಟುಕೊಳ್ಳಿ. 12 ಅಡಿ ಉದ್ದಕ್ಕೆ 1 ಅಡಿ ಏರುವ ಇಳಿಜಾರಿನಲ್ಲಿ, ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಆ ತೂಕದ ಹನ್ನೆರಡನೆಯ ಒಂದು ಪಾಲು, ಎಂದರೆ ಏಳೂವರೆ ಕಿಲೋಗ್ರಾಂ ಭಾರದಷ್ಟು ಬಲ ಸಾಕು. 4 ಅಡಿಗೆ 1 ಅಡಿ ಏರಿದರೆ ಸುಮಾರು 22 ಕಿಲೋಗ್ರಾಂ ಭಾರದಷ್ಟು ಬಲ ಬೇಕು. ತೋಳಿನಿಂದಲೇ ಗಾಲಿ ತಿರುಗಿಸುವವರಿಗೆ ಅದು ಗೋಡೆಯಿದ್ದಂತೆಯೇ ಸರಿ. ನಮ್ಮ ದೇಶದ 2021ರ ಮಾರ್ಗಸೂಚಿಗಳೂ ಅಮೆರಿಕದ ನಿಯಮಗಳೂ 12ಕ್ಕೆ 1 ಎಂಬ ಪ್ರಮಾಣವನ್ನು ಹೇಳುವುದರ ಮರ್ಮ ಇಲ್ಲಿದೆ. ಒಂದೂವರೆ ಅಡಿ ಎತ್ತರದ ಮೂರು ಮೆಟ್ಟಿಲುಗಳ ಪಕ್ಕದಲ್ಲಿ ಒಂದು ಮಾರು ಉದ್ದದ ಸಿಮೆಂಟಿನ ದಿಬ್ಬವನ್ನು ಹಾಕಿ "ಅನುಕೂಲ ಮಾಡಿದ್ದೇವೆ" ಎನ್ನುವವರು ಈ ಲೆಕ್ಕವನ್ನು ಮಾಡಿಲ್ಲವೆಂದೇ ತಿಳಿಯಬೇಕು. ಅಲ್ಲಿ ಬೇಕಾದುದು 18 ಅಡಿ ಉದ್ದದ ಇಳಿಜಾರು.

ಇನ್ನು ಒಳಗಿನ ಮಾತು. ಈ ವಿಷಯದಲ್ಲಿ ಅಮೆರಿಕದ ಅನುಭವವು ನಮಗೆ ಪಾಠವಾಗುವಂತಿದೆ. ಅಲ್ಲಿ ಅಂಗವಿಕಲರ ವಿರುದ್ಧ ಭೇದವೆಣಿಸುವುದನ್ನು ನಿಷೇಧಿಸುವ ಕಾಯಿದೆ 1990ರಲ್ಲಿ ಅಂಗೀಕೃತವಾಯಿತು. ಗಾಲಿಕುರ್ಚಿಯ ಸ್ಥಳಗಳಿಂದ ಉಳಿದ ಪ್ರೇಕ್ಷಕರದಕ್ಕೆ ಹೋಲುವಂಥ ದೃಷ್ಟಿರೇಖೆ ದೊರೆಯಬೇಕೆಂದು ಅದರ ನಿಯಮಗಳು ವಿಧಿಸಿದವು. ಅದೇ ದಶಕದ ಉತ್ತರಾರ್ಧದಲ್ಲಿ ಕಡಿದಾದ ಮೆಟ್ಟಿಲುಗಳ ಮೇಲೆ ಆಸನಗಳಿರುವ ಚಲನಚಿತ್ರಮಂದಿರಗಳು ಎಲ್ಲೆಡೆ ತಲೆಯೆತ್ತಿದವು. ಮೆಟ್ಟಿಲಿಲ್ಲದ ನೆಲ ಉಳಿದುದು ಪರದೆಯ ಬುಡದಲ್ಲಿ ಮಾತ್ರ. ಮಾಲಿಕರು ಗಾಲಿಕುರ್ಚಿಯವರಿಗೆ ಅಲ್ಲಿಯೇ ಸ್ಥಳ ತೋರಿಸಿದರು.

ಆರೆಗಾನ್ ಪ್ರಾಂತದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡಿದ್ದ ಮಾಜಿ ಸೈನಿಕರ ಸಂಘವು ರೀಗಲ್ ಎಂಬ ಚಿತ್ರಮಂದಿರ ಸಂಸ್ಥೆಯ ಮೇಲೆ ದಾವೆ ಹೂಡಿತು. ಪರದೆಯ ಮೇಲಂಚನ್ನು ನೋಡಲು ಕಣ್ಣನ್ನು ಎಷ್ಟು ಡಿಗ್ರಿ ಮೇಲೆತ್ತಬೇಕೆಂಬ ಲೆಕ್ಕ ನ್ಯಾಯಾಲಯದ ಮುಂದೆ ಬಂದಿತು. ಗಾಲಿಕುರ್ಚಿಯ ಸ್ಥಳಗಳಲ್ಲಿ ಅದು ಸರಾಸರಿ ಸುಮಾರು 42 ಡಿಗ್ರಿ. ಉಳಿದ ಆಸನಗಳಲ್ಲಿ ಸುಮಾರು 20 ಡಿಗ್ರಿ. ಈ ಕೋನ 35 ಡಿಗ್ರಿಯನ್ನು ಮೀರಿದರೆ ಹೆಚ್ಚಿನವರಿಗೆ ಕಷ್ಟವಾಗುತ್ತದೆಂದು ಚಲನಚಿತ್ರ ಎಂಜಿನಿಯರುಗಳ ಸಂಘವೇ ಮೊದಲು ಹೇಳಿತ್ತು. ಉಳಿದವರು ಕತ್ತು ನೋಯುವುದಾದರೆ ಬೇರೆ ಸಾಲಿಗೆ ಹೋಗಬಹುದು. ಗಾಲಿಕುರ್ಚಿಯವರಿಗೆ ಬೇರೆ ಸಾಲೇ ಇಲ್ಲ. ಇಂತಹುದೇ ಇನ್ನೊಂದು ಮೊಕದ್ದಮೆಯಲ್ಲಿ 2000ದಲ್ಲಿ ಬೇರೊಂದು ಮೇಲ್ಮನವಿ ನ್ಯಾಯಾಲಯವು ನೋಟಕ್ಕೆ ಅಡ್ಡಿಯಿಲ್ಲದಿದ್ದರೆ ಸಾಕೆಂದಿತ್ತು. 2003ರಲ್ಲಿ ಆರೆಗಾನಿನ ಮೊಕದ್ದಮೆಯ ಮೇಲ್ಮನವಿಯನ್ನು ಕೇಳಿದವರು ಅದನ್ನು ಒಪ್ಪಲಿಲ್ಲ. ನೋಟದ ಕೋನವೂ ಹೋಲಬೇಕೆಂದು ತೀರ್ಪಿತ್ತರು. ಮುಂದೆ 2010ರ ನಿಯಮಗಳು ಈ ವಿವಾದವನ್ನು ಬಗೆಹರಿಸಿದವು. ಅವುಗಳ ಪ್ರಕಾರ ಗಾಲಿಕುರ್ಚಿಯ ಸ್ಥಳಗಳು ಒಟ್ಟು ಆಸನಗಳ ಹಿಂದಿನ ನೂರಕ್ಕೆ 60ರ ಭಾಗದಲ್ಲಿರಬೇಕು, ಇಲ್ಲವೆ ನೋಟದ ಕೋನದಲ್ಲಿ ಅದಕ್ಕೆ ಸರಿಸಮವಾಗಿರಬೇಕು. ಪ್ರತಿಯೊಂದು ಸ್ಥಳದ ಪಕ್ಕದಲ್ಲಿಯೂ ಜೊತೆಗೆ ಬಂದವರಿಗೆ ಒಂದು ಆಸನವಿರಬೇಕು. ಆಟ ನೋಡುವುದೆಂದರೆ ಮನೆಯವರೊಡನೆ, ಗೆಳೆಯರೊಡನೆ ನೋಡುವುದೆಂದಲ್ಲವೆ?

ಕ್ರೀಡಾಂಗಣದಲ್ಲಿ ಇನ್ನೊಂದು ತೊಡಕುಂಟು. ಆಟ ಬಿರುಸಾದಾಗ ಜನರೆಲ್ಲ ಎದ್ದು ನಿಲ್ಲುತ್ತಾರೆ. ಎದ್ದು ನಿಂತವರ ನೆತ್ತಿ ಸುಮಾರು 1.7 ಮೀಟರ್ ಎತ್ತರದಲ್ಲಿದ್ದರೆ ಗಾಲಿಕುರ್ಚಿಯವರ ಕಣ್ಣು 1.2 ಮೀಟರಿನ ಆಸುಪಾಸಿನಲ್ಲಿರುತ್ತದೆ. ಹಿಂದಿನ ಜಗಲಿಯು ಮುಂದಿನ ಸಾಲಿಗಿಂತ ಅರ್ಧ ಮೀಟರಿಗಿಂತಲೂ ಹೆಚ್ಚು ಎತ್ತರವಾಗಿಲ್ಲದಿದ್ದರೆ, ಎಲ್ಲರೂ ಕುಣಿದಾಡುವ ಆ ಗಳಿಗೆಯಲ್ಲಿ ಅವರಿಗೆ ಕಾಣುವುದು ಬೆನ್ನುಗಳು ಮಾತ್ರ. 1997ರಲ್ಲಿ ವಾಷಿಂಗ್ಟನ್ನಿನ ಒಂದು ಕ್ರೀಡಾಂಗಣದ ಮೊಕದ್ದಮೆಯಲ್ಲಿ, ನಿಂತವರ ತಲೆಯ ಮೇಲಿಂದ ಆಟ ಕಾಣುವ ಹಾಗೆ ಬಹುಪಾಲು ಗಾಲಿಕುರ್ಚಿಯ ಸ್ಥಳಗಳು ಇರಬೇಕೆಂದು ನ್ಯಾಯಾಲಯ ತೀರ್ಮಾನಿಸಿತು.

ನಮ್ಮ ದೇಶದಲ್ಲಿ ಕಾನೂನಿಗೆ ಕೊರತೆಯಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಸಂಸ್ಕೃತಿ ಮತ್ತು ಮನರಂಜನೆಯಲ್ಲಿ ಸಮಾನವಾಗಿ ಪಾಲ್ಗೊಳ್ಳುವುದನ್ನು ಹಕ್ಕೆಂದು ಒಪ್ಪಿದೆ. ಅದರಲ್ಲಿ ಸಾರ್ವಜನಿಕ ಕಟ್ಟಡವೆಂದರೆ ಜನರು ಬಳಸುವ ಖಾಸಗಿ ಕಟ್ಟಡವೂ ಸೇರುತ್ತದೆ, ಚಲನಚಿತ್ರಮಂದಿರವು ತಪ್ಪಿಸಿಕೊಳ್ಳುವಂತಿಲ್ಲ. 2024ರ ನವೆಂಬರ್ 8ರಂದು ಸರ್ವೋಚ್ಚ ನ್ಯಾಯಾಲಯವು, ಈ ಅಧಿನಿಯಮದ ಕೆಳಗೆ ರಚಿಸಿದ್ದ ನಿಯಮವೊಂದು ಬರಿಯ ಸಲಹೆಯಂತಿದೆಯೆಂದು ಅದನ್ನು ಅಸಿಂಧುಗೊಳಿಸಿ, ಕಡ್ಡಾಯವಾದ ಮಾನದಂಡಗಳನ್ನು ಮೂರು ತಿಂಗಳೊಳಗೆ ರೂಪಿಸುವಂತೆ ಕೇಂದ್ರ ಸರಕಾರಕ್ಕೆ ಆದೇಶಿಸಿತು. ಆ ಮಾನದಂಡಗಳು ಬಾಗಿಲನ್ನು ಮಾತ್ರ ಅಳೆದರೆ ಸಾಲದು, ದೃಷ್ಟಿಯ ಕೋನವನ್ನೂ ಅಳೆಯಬೇಕೆಂಬುದೇ ನಮ್ಮ ವಾದ.

ಇದಕ್ಕೆ ಆಕ್ಷೇಪಣೆಗಳುಂಟು. ಗಾಲಿಕುರ್ಚಿಯವರು ಬರುವುದೇ ಅಪರೂಪ, ಅವರಿಗಾಗಿ ಆಸನಗಳನ್ನು ಕಳೆದುಕೊಳ್ಳುವುದೇಕೆ ಎಂದು ಮಾಲಿಕರು ಕೇಳಬಹುದು. ಸೇತುವೆಯಿಲ್ಲದ ಹೊಳೆಯನ್ನು ಎಷ್ಟು ಜನ ದಾಟುತ್ತಾರೆಂದು ಎಣಿಸಿ ಸೇತುವೆ ಬೇಡವೆಂದು ತೀರ್ಮಾನಿಸಿದಂತೆ ಇದು. 2011ರ ಜನಗಣತಿಯಲ್ಲಿ ಚಲನೆಗೆ ಸಂಬಂಧಿಸಿದ ವೈಕಲ್ಯವುಳ್ಳವರೇ 54 ಲಕ್ಷಕ್ಕೂ ಹೆಚ್ಚಿದ್ದರು. ಅವರೆಲ್ಲರೂ ಗಾಲಿಕುರ್ಚಿಯಲ್ಲಿಲ್ಲ, ನಿಜ. ಆದರೆ ಮೆಟ್ಟಿಲು ಅವರಲ್ಲಿ ಅನೇಕರನ್ನು ತಡೆಯುತ್ತದೆ. ಬೆಂಕಿಯ ಅಪಾಯದ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬೆಂಕಿ ಬಿದ್ದಾಗ ಸಾಮಾನ್ಯ ಲಿಫ್ಟನ್ನು ಬಳಸಕೂಡದು. ಆದುದರಿಂದ ಮೇಲಂತಸ್ತಿನಲ್ಲಿ ನೆರವು ಬರುವ ತನಕ ಸುರಕ್ಷಿತವಾಗಿ ಕಾಯುವ ಸ್ಥಳ ಬೇಕೇ ಬೇಕು. ಹಳೆಯ ಕಟ್ಟಡಗಳನ್ನು ತಿದ್ದುವುದೂ ಸುಲಭವಲ್ಲ. ಹೊಸ ಕಟ್ಟಡಕ್ಕಾದರೋ ಈ ನೆಪವಿಲ್ಲ. ಪ್ರೇಕ್ಷಾಗಾರದ ನಡು ಎತ್ತರದಲ್ಲಿ ಒಂದು ಬಾಗಿಲು, ಅದರ ಮುಂದೆ ಸಮತಟ್ಟಾದ ಅಗಲ ಅಡ್ಡಹಾದಿ, ಅದರಂಚಿನಲ್ಲಿ ಒಂದೊಂದೂ ಮೂರಡಿ ಅಗಲ, ನಾಲ್ಕಡಿ ಉದ್ದದ ಕೆಲವು ಸ್ಥಳಗಳು: ಇಷ್ಟನ್ನು ನಕ್ಷೆಯಲ್ಲಿ ಬರೆಯುವಾಗ ತಗಲುವುದು ಕೆಲವು ಗೆರೆಗಳ ಖರ್ಚು. ಕಾಂಕ್ರೀಟು ಗಟ್ಟಿಯಾದ ಮೇಲೆ ಅದೇ ಕೆಲಸಕ್ಕೆ ಗೋಡೆ ಒಡೆಯಬೇಕಾಗುತ್ತದೆ.

ವಿದ್ಯಾರ್ಥಿಗಳು ಈ ವಿಷಯವನ್ನು ತಾವೇ ಪರೀಕ್ಷಿಸಬಹುದು. ಒಂದು ಕೋನಮಾಪಕದ ನಡುಬಿಂದುವಿಗೆ ದಾರ ಕಟ್ಟಿ, ದಾರದ ತುದಿಗೆ ಸಣ್ಣ ಕಲ್ಲನ್ನು ತೂಗಬಿಡಿ. ನಿಮ್ಮ ಕಾಲೇಜಿನ ಸಭಾಂಗಣದಲ್ಲಿ, ಗಾಲಿಕುರ್ಚಿ ನಿಲ್ಲಬಹುದಾದ ಜಾಗದಲ್ಲಿ ಕುರ್ಚಿ ಹಾಕಿ ಕುಳಿತು, ಕೋನಮಾಪಕದ ನೇರ ಅಂಚಿನ ಗುಂಟ ಪರದೆಯ ಮೇಲಂಚನ್ನು ನೋಡಿರಿ. ದಾರವು 90ರ ಗುರುತಿನಿಂದ ಎಷ್ಟು ಡಿಗ್ರಿ ಸರಿದಿದೆಯೋ ಅದೇ ನೋಟದ ಕೋನ. ಬಳಿಕ ನಿಮಗೆ ಪ್ರಿಯವಾದ ಸಾಲಿನಿಂದಲೂ ಅಳೆಯಿರಿ. ಬಾಗಿಲಿನ ಇಳಿಜಾರಿನ ಉದ್ದವನ್ನೂ ಎತ್ತರವನ್ನೂ ಅಳೆದು ಭಾಗಿಸಿ ನೋಡಿ. ಈ ಅಂಕಿಗಳನ್ನು ಒಂದು ಹಾಳೆಯ ಮೇಲೆ ಬರೆದು ಪ್ರಾಂಶುಪಾಲರಿಗೆ ಒಪ್ಪಿಸಿದರೆ, ಕನಿಕರವನ್ನು ಬೇಡುವ ಮನವಿಗಿಂತ ಅದಕ್ಕೆ ತೂಕ ಹೆಚ್ಚು. ನಿಮ್ಮಲ್ಲಿ ಕೆಲವರು ನಾಳೆ ಎಂಜಿನಿಯರುಗಳಾಗಿ ನಾಟಕಶಾಲೆಗಳನ್ನು ಕಟ್ಟುವವರು. ಮೊದಲ ನಕ್ಷೆಯನ್ನು ಬರೆಯುವ ದಿನವೇ ಈ ಎರಡು ಕೋನಗಳನ್ನು ಅಕ್ಕಪಕ್ಕದಲ್ಲಿ ಗುರುತಿಸಿಕೊಳ್ಳುವ ಅಭ್ಯಾಸ ನಿಮಗಾಗಲಿ.