ಚಿಕ್ಕ ಕಾಲೇಜು ಕೀಳು ಕಾಲೇಜಲ್ಲ

ಅಮೇರಿಕೆಗೆ ವಿದ್ಯಾರ್ಜನೆಗೆಂದು ತೆರಳಿದ ಕನ್ನಡಿಗರ ಮಕ್ಕಳಲ್ಲಿ ಯಾರಾದರೊಬ್ಬನು, ಒಂದು ವರ್ಷ ಕಳೆದ ಬಳಿಕ, ತಾನು ಸೇರಿದ ಭಾರಿ ವಿಶ್ವವಿದ್ಯಾನಿಲಯವನ್ನು ಬಿಟ್ಟು ಯಾವುದೋ ಸಣ್ಣ ಊರಿನ ಸಣ್ಣ ಕಾಲೇಜಿಗೆ ಹೋಗುವೆನೆಂದು ತಿಳಿಸಿದರೆ ಇಲ್ಲಿಯ ಮನೆಯಲ್ಲಿ ದೊಡ್ಡ ಗೊಂದಲವೇ ಏಳುತ್ತದೆ. ಹುಡುಗನು ನಪಾಸಾದನೇ ಎಂದು ತಂದೆಯ ಶಂಕೆ. ನೆರೆಯವರಿಗೆ ಏನು ಹೇಳೋಣವೆಂದು ತಾಯಿಯ ಚಿಂತೆ. ಈ ಭೀತಿಗೆ ನಮ್ಮ ದೇಶದ ವಿದ್ಯಾಪದ್ಧತಿಯೇ ಮೂಲವೆಂದು ನಾವು ತಿಳಿಯುತ್ತೇವೆ.

1857ರಲ್ಲಿ ಕಲಕತ್ತಾ, ಮುಂಬಯಿ, ಮದರಾಸುಗಳಲ್ಲಿ ಹುಟ್ಟಿದ ವಿಶ್ವವಿದ್ಯಾನಿಲಯಗಳು ಲಂಡನ್ನಿನ ಮಾದರಿಯವು. ಪರೀಕ್ಷೆ ನಡೆಯಿಸಿ ಪದವಿ ಕೊಡುವುದೇ ಅವುಗಳ ಮುಖ್ಯ ಕಾರ್ಯವಾಗಿದ್ದಿತು. ಕಾಲೇಜೆಂಬುದು ಅವುಗಳ ಅಧೀನ ಸಂಸ್ಥೆ: ಪಠ್ಯಕ್ರಮವೂ ಮೇಲಿನಿಂದ, ಪ್ರಶ್ನಪತ್ರಿಕೆಯೂ ಮೇಲಿನಿಂದ. ಆದುದರಿಂದ ಕಾಲೇಜು ಚಿಕ್ಕದೆಂದರೆ ಕೊರತೆಯದೆಂದೇ ನಮ್ಮ ಜನರು ಭಾವಿಸುವಂತಾಯಿತು. ಅಮೇರಿಕೆಯಲ್ಲಿ ಸಂಗತಿ ಬೇರೆ. 1793ರ ವಿಲಿಯಮ್ಸ್, 1821ರ ಆಮ್‌ಹರ್ಸ್ಟ್, 1864ರ ಸ್ವಾರ್ಥ್‌ಮೋರ್ ಕಾಲೇಜುಗಳು ಯಾರ ಅಧೀನವೂ ಅಲ್ಲ. ತಮ್ಮ ಪಾಠಗಳನ್ನು ತಾವೇ ಗೊತ್ತುಮಾಡಿ ತಮ್ಮ ಹೆಸರಿನಲ್ಲಿಯೇ ಪದವಿ ಕೊಡುತ್ತವೆ. ಕೊಲಂಬಸ್ಸಿನ ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಸುಮಾರು 60,000 ವಿದ್ಯಾರ್ಥಿಗಳಿದ್ದರೆ, ವಿಲಿಯಮ್ಸಿನಲ್ಲಿ ಸುಮಾರು 2,000.

ಭಾರಿ ವಿದ್ಯಾಪೀಠದ ಮೊದಲ ವರ್ಷದ ಪಾಠವೆಂದರೆ ಎಷ್ಟೋ ಕಡೆ ನೂರಾರು ಜನರ ಸಭೆಯೇ ಸರಿ. ಉತ್ತರಪತ್ರಿಕೆಗಳನ್ನು ಅನೇಕ ವೇಳೆ ಮೇಲ್ತರಗತಿಯ ವಿದ್ಯಾರ್ಥಿಯೇ ತಿದ್ದುತ್ತಾನೆ. ಚಿಕ್ಕ ಕಾಲೇಜಿನಲ್ಲಿ ಅಂಥ ಸಹಾಯಕರು ವಿರಳ. ಪಾಠ ಹೇಳುವವನೂ ತಿದ್ದುವವನೂ ಪ್ರಾಧ್ಯಾಪಕನೇ. ವಿಲಿಯಮ್ಸಿನ ಟ್ಯುಟೋರಿಯಲ್ ತರಗತಿಯಲ್ಲಿ ಅಧ್ಯಾಪಕನೆದುರು ಇಬ್ಬರೇ ವಿದ್ಯಾರ್ಥಿಗಳು ಕೂಡುತ್ತಾರೆ. ಒಂದು ವಾರ ಒಬ್ಬನು ಪ್ರಬಂಧ ಓದಿದರೆ ಮತ್ತೊಬ್ಬನು ವಿಮರ್ಶಿಸುತ್ತಾನೆ, ಮರುವಾರ ಪಾತ್ರಗಳು ಬದಲಾಗುತ್ತವೆ. ಓದದೆ ಬಂದವನಿಗೆ ಅಡಗಲು ಅಲ್ಲಿ ಹಿಂದಿನ ಬೆಂಚೇ ಇಲ್ಲ! (ನಮ್ಮಲ್ಲಿ ಪದವೀಧರರಾದ ಎಷ್ಟು ಜನರ ಪ್ರಬಂಧವನ್ನು ಅಧ್ಯಾಪಕರು ಪೂರ್ತಿಯಾಗಿ ಓದಿದ್ದರೋ ವಾಚಕರೇ ನೆನೆದುಕೊಳ್ಳಲಿ.) ತಂದೆಯಾದವನು ಮಗನನ್ನು ಮೊದಲು ಕೇಳಬೇಕಾದುದು ಇದನ್ನೇ: ನಿನ್ನ ಬರಹವನ್ನು ಅಲ್ಲಿ ಓದುವವರು ಯಾರು?

ಹಾಗೆಂದು ಎಲ್ಲರೂ ಓಡತಕ್ಕದ್ದೆಂದು ನಾವು ಹೇಳುವುದಿಲ್ಲ. ದೊಡ್ಡ ಪ್ರಯೋಗಶಾಲೆ, ಅಪರೂಪದ ಭಾಷೆಗಳ ಬೋಧನೆ ಬೇಕಾದವನಿಗೆ ದೊಡ್ಡ ವಿದ್ಯಾಪೀಠವೇ ಯೋಗ್ಯ. ಎಂಜಿನಿಯರಿಂಗ್ ಓದಬೇಕೆನ್ನುವವನಿಗೆ ಸ್ವಾರ್ಥ್‌ಮೋರಿನಲ್ಲಿ ಆ ವಿಭಾಗವಿದೆ, ವಿಲಿಯಮ್ಸಿನಲ್ಲಾಗಲಿ ಆಮ್‌ಹರ್ಸ್ಟಿನಲ್ಲಾಗಲಿ ಇಲ್ಲ. ಹೊಸ ಊರಿಗೆ ಎರಡನೆಯ ವರ್ಷದಲ್ಲಿ ಬಂದವನಿಗೆ ಗೆಳೆತನ ಬೆಳೆಸುವುದೂ ಸುಲಭವಲ್ಲ.

ಎಲ್ಲಕ್ಕೂ ಕಠಿಣವಾದುದು ಕ್ರೆಡಿಟ್ಟುಗಳ ಲೆಕ್ಕ. ಹಿಂದೆ ಓದಿದುದೆಲ್ಲವನ್ನೂ ಹೊಸ ಕಾಲೇಜು ಒಪ್ಪಬೇಕೆಂಬ ನಿಯಮವಿಲ್ಲ. ಲೆಕ್ಕಪತ್ರ, ವಾಣಿಜ್ಯಗಳಂಥ ವೃತ್ತಿಪಾಠಗಳನ್ನು ಇಂಥ ಕಾಲೇಜುಗಳು ಹಲವು ಬಾರಿ ತಳ್ಳಿಹಾಕುತ್ತವೆ. ಪದವಿಯ ಅರ್ಧಭಾಗವನ್ನಾದರೂ ತಮ್ಮಲ್ಲಿಯೇ ಓದಬೇಕೆಂದು ಅನೇಕ ಕಾಲೇಜುಗಳು ವಿಧಿಸುತ್ತವೆ. ಆರು ತಿಂಗಳು ಹೆಚ್ಚಾಯಿತೆಂದರೆ ಅಷ್ಟು ಶುಲ್ಕವೂ ಊಟ ವಸತಿಯ ವೆಚ್ಚವೂ ಡಾಲರುಗಳಲ್ಲಿ ಹೆಚ್ಚಾದಂತೆಯೇ. ಮನೆಯನ್ನು ಅಡವಿಟ್ಟು ಸಾಲ ತೆಗೆದವನಿಗೆ ಇದು ಸಣ್ಣ ಮಾತಲ್ಲ. ನಡುವೆ ಸೇರುವ ಪರದೇಶದವರಿಗೆ ಧನಸಹಾಯವೂ ಅನೇಕ ಕಡೆ ದುರ್ಲಭ. ವೀಸಾದ ನಿಮಿತ್ತ ಹೊಸ ಕಾಲೇಜಿನಿಂದ ಹೊಸ ಐ-20 ಪತ್ರವನ್ನು ಪಡೆಯಬೇಕು. ಹಳೆಯದರಿಂದ ದಾಖಲೆ ವರ್ಗವಾಗಬೇಕು. ಆದುದರಿಂದ ಪ್ರವೇಶದ ಒಪ್ಪಿಗೆ ಬಂದೊಡನೆ ಸಂಭ್ರಮಿಸಿ ಹಣ ಕಟ್ಟದೆ, ಯಾವ ಯಾವ ಪಾಠಗಳು ಲೆಕ್ಕಕ್ಕೆ ಬಂದುವು, ಪದವಿಗೆ ಇನ್ನೆಷ್ಟು ಅವಧಿ ಉಳಿಯಿತು ಎಂಬುದನ್ನು ಮೊದಲು ಕಾಲೇಜಿನಿಂದ ಬರೆವಣಿಗೆಯಲ್ಲಿ ತರಿಸಿಕೊಂಡು, ಆ ಕಾಗದವನ್ನು ಮುಂದಿಟ್ಟುಕೊಂಡೇ ತಂದೆಮಕ್ಕಳು ಮಾತಿಗೆ ಕುಳಿತುಕೊಳ್ಳಲಿ.