ಸಾಕ್ಷಿಕಟ್ಟೆಯಲ್ಲಿ ಇತಿಹಾಸ: ‘ಇನ್‌ಹೆರಿಟ್ ದ ವಿಂಡ್’ ಚಿತ್ರದ ಗುಣದೋಷ

ನ್ಯಾಯಾಲಯವನ್ನೇ ರಂಗಸ್ಥಳವಾಗಿಸಿಕೊಂಡ ಕಪ್ಪು-ಬಿಳುಪು ಚಿತ್ರಗಳಲ್ಲಿ ಸ್ಟ್ಯಾನ್ಲಿ ಕ್ರೇಮರ್ 1960ರಲ್ಲಿ ನಿರ್ದೇಶಿಸಿದ ‘ಇನ್‌ಹೆರಿಟ್ ದ ವಿಂಡ್’ ಚಿತ್ರಕ್ಕೆ ಪ್ರತ್ಯೇಕವಾದ ಸ್ಥಾನವಿದೆ. ಜೆರೋಮ್ ಲಾರೆನ್ಸ್ ಮತ್ತು ರಾಬರ್ಟ್ ಇ. ಲೀ ಬರೆದು, 1955ರಲ್ಲಿ ರಂಗವೇರಿದ ನಾಟಕವೇ ಇದರ ಮೂಲ. ನಾಟಕದ ಮೂಲ 1925ರ ಜುಲೈ ತಿಂಗಳಲ್ಲಿ ಅಮೆರಿಕದ ಟೆನೆಸ್ಸೀ ರಾಜ್ಯದ ಡೇಟನ್ ಎಂಬ ಸಣ್ಣ ಊರಿನಲ್ಲಿ ನಡೆದ ಸ್ಕೋಪ್ಸ್ ವಿಚಾರಣೆ. ಹೀಗೆ ಚಿತ್ರವು ಇತಿಹಾಸದಿಂದ ಎರಡು ಮೆಟ್ಟಿಲು ಕೆಳಗೆ ನಿಂತಿದೆ. ಆದರೂ ವಿಕಾಸವಾದ ಮತ್ತು ಧರ್ಮಶ್ರದ್ಧೆಗಳ ಸಂಘರ್ಷದ ಮಾತು ಬಂದಾಗಲೆಲ್ಲ ಇದನ್ನೇ ದಾಖಲೆಯೆಂಬಂತೆ ಮುಂದಿಡುವ ರೂಢಿ ಬೆಳೆದಿದೆ. ಈ ರೂಢಿ ಪ್ರಶ್ನಾರ್ಹವಾದುದು.

ಚಿತ್ರದ ಬಲವನ್ನು ಅಲ್ಲಗಳೆಯುವುದು ಅನ್ಯಾಯ. ವಕೀಲ ಡ್ರಮಂಡ್ ಆಗಿ ಸ್ಪೆನ್ಸರ್ ಟ್ರೇಸಿ, ಎದುರಾಳಿ ಬ್ರೇಡಿಯಾಗಿ ಫ್ರೆಡ್ರಿಕ್ ಮಾರ್ಚ್ ಎದುರುಬದುರಾಗುವ ಪಾಟೀಸವಾಲಿನ ದೃಶ್ಯವು ಅಭಿನಯಕಲೆಯ ಉತ್ತಮ ಪಾಠಗಳಲ್ಲೊಂದು. ಮಾರ್ಚ್ ಅವರಿಗೆ ಬರ್ಲಿನ್ ಚಿತ್ರೋತ್ಸವದ ಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ. ಅರ್ನೆಸ್ಟ್ ಲಾಸ್ಲೊ ಅವರ ಛಾಯಾಗ್ರಹಣದಲ್ಲಿ ಸೆಕೆ, ಬೆವರು, ಬೀಸಣಿಗೆ, ಕಿಕ್ಕಿರಿದ ಜನ ಎಲ್ಲವೂ ಒಂದು ಊರಿನ ಮನಃಸ್ಥಿತಿಯಾಗಿ ಮಾರ್ಪಡುತ್ತವೆ. ಹಳೆಯ ಗೆಳೆಯರಿಬ್ಬರೂ ರಾತ್ರಿಯ ಹೊತ್ತು ಜಗಲಿಯ ತೂಗುಕುರ್ಚಿಗಳಲ್ಲಿ ಕುಳಿತು ಮಾತನಾಡುವ ಸನ್ನಿವೇಶವಂತೂ ಇಡೀ ಚಿತ್ರದ ಮುಕುಟಮಣಿ. ಅಲ್ಲಿ ವಾದವಿಲ್ಲ, ಗೆಲ್ಲುವ ಆತುರವೂ ಇಲ್ಲ. ಆದ್ದರಿಂದಲೇ ಅಲ್ಲಿ ಇಬ್ಬರು ಮನುಷ್ಯರು ಕಾಣಿಸುತ್ತಾರೆ.

ಉಳಿದ ಕಡೆ ಕಾಣಿಸುವವನು ಒಬ್ಬನೇ. ನಾಯಕನ ಹಿರಿಮೆಯನ್ನು ಕಾಣಿಸಬೇಕಾದರೆ ಪ್ರತಿನಾಯಕನ ಕುಲ, ಶೌರ್ಯ, ವಿದ್ಯೆಗಳನ್ನೂ ಬಣ್ಣಿಸಬೇಕೆಂಬುದು ದಂಡಿಯಷ್ಟು ಹಳೆಯ ಕಾವ್ಯವಿವೇಕ. ಕ್ರೇಮರ್ ಈ ವಿವೇಕವನ್ನು ಕೈಬಿಟ್ಟಿದ್ದಾರೆ. ಬ್ರೇಡಿ ಇಲ್ಲಿ ಹೊಟ್ಟೆಬಾಕ, ಡಂಭಾಚಾರಿ, ಚಪ್ಪಾಳೆಗೆ ಹಸಿದ ಮುದುಕ. ಈ ಪಾತ್ರದ ಹಿಂದಿರುವ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಮೂರು ಬಾರಿ (1896, 1900, 1908) ಡೆಮಾಕ್ರಟಿಕ್ ಪಕ್ಷದಿಂದ ಅಧ್ಯಕ್ಷಪದವಿಗೆ ಸ್ಪರ್ಧಿಸಿದ್ದವರು. ರೈತರ ಪರವಾಗಿ, ಮಹಿಳೆಯರ ಮತದಾನದ ಹಕ್ಕಿನ ಪರವಾಗಿ ದನಿಯೆತ್ತಿದವರು. ಚಿತ್ರದ ಬ್ರೇಡಿ ತೀರ್ಪಿನ ದಂಡ ಕಡಿಮೆಯಾಯಿತೆಂದು ಕೆರಳುತ್ತಾನೆ. ನಿಜವಾದ ಬ್ರಯನ್ ಕಾಯಿದೆಯಲ್ಲಿ ದಂಡನೆಯೇ ಬೇಡವೆಂದು ಸಲಹೆ ನೀಡಿದ್ದರು, ದಂಡದ ಹಣವನ್ನು ತಾವೇ ಕೊಡಲು ಮುಂದಾಗಿದ್ದರು. ಸೃಷ್ಟಿಯ ದಿನಗಳು 24 ಗಂಟೆಗಳ ದಿನಗಳೇ ಆಗಿರಬೇಕಾಗಿಲ್ಲ ಎಂಬುದು ವಿಚಾರಣೆಗೆ ಮೊದಲೇ ಅವರು ತಳೆದಿದ್ದ ನಿಲುವು. ಚಿತ್ರವು ಅದನ್ನು ಡ್ರಮಂಡ್ ಹಿಂಡಿ ತೆಗೆದ ಶರಣಾಗತಿಯಂತೆ ತೋರಿಸುತ್ತದೆ.

ಆರೋಪಿಯ ಸ್ಥಿತಿಯೂ ಹೀಗೆಯೇ. ಚಿತ್ರದ ಕೇಟ್ಸ್ ಸೆರೆಮನೆಯಲ್ಲಿ ನರಳುತ್ತಾನೆ. ಅವನ ಪ್ರೇಯಸಿ ಪಾದ್ರಿಯ ಮಗಳು. ನಿಜವಾದ ಜಾನ್ ಸ್ಕೋಪ್ಸ್ ಸೆರೆಮನೆ ಸೇರಲಿಲ್ಲ. ಪಾದ್ರಿಯ ಮಗಳಂತೂ ಕೇವಲ ಕಲ್ಪನೆ. ಬಟ್ಲರ್ ಕಾಯಿದೆಯನ್ನು ನ್ಯಾಯಾಲಯದಲ್ಲಿ ಪರೀಕ್ಷೆಗೊಡ್ಡಲು ನಾಗರಿಕ ಹಕ್ಕುಗಳ ಸಂಘಟನೆಯೊಂದು ಆರೋಪಿಯನ್ನು ಹುಡುಕುತ್ತಿತ್ತು. ಊರಿಗೆ ಹೆಸರು ಬರಲೆಂದು ಡೇಟನ್ನಿನ ಕೆಲವರು ಔಷಧದಂಗಡಿಯಲ್ಲಿ ಕುಳಿತು ಸ್ಕೋಪ್ಸ್‌ರನ್ನು ಒಪ್ಪಿಸಿದರು. ಹುತಾತ್ಮನಿಲ್ಲದ ಈ ಕಥೆ, ಹುತಾತ್ಮನಿರುವ ಕಥೆಗಿಂತ ಎಷ್ಟು ಸ್ವಾರಸ್ಯಕರ!

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ: ಹೆಸರುಗಳನ್ನು ಬದಲಾಯಿಸಲಾಗಿದೆ, ಊರು ಹಿಲ್ಸ್‌ಬೊರೊ ಆಗಿದೆ, ಲೇಖಕರ ಗುರಿಯಿದ್ದುದು 1925 ಅಲ್ಲ, ಮೆಕಾರ್ತಿಯ ಕಾಲದ ವಿಚಾರಬೇಟೆ. ಇದು ಹಗುರವಾದ ವಾದವಲ್ಲ. ಚಿತ್ರಕಥೆಯ ಸಹಲೇಖಕ ನೆಡ್ರಿಕ್ ಯಂಗ್ ಸ್ವತಃ ಕಪ್ಪುಪಟ್ಟಿಗೆ ಸೇರಿದ್ದವರು, ನೇಥನ್ ಇ. ಡಗ್ಲಾಸ್ ಎಂಬ ಕಲ್ಪಿತ ಹೆಸರಿನಲ್ಲಿ ಬರೆದವರು. ಆ ನೋವು ಚಿತ್ರದ ಮಾತುಗಳಲ್ಲಿ ಮಿಡಿಯುತ್ತದೆ. ಆದರೆ ರೂಪಕವೆಂಬ ರಕ್ಷಾಕವಚಕ್ಕೂ ಮಿತಿಯಿದೆ. ವಿಚಾರಣೆಯ ಘಟ್ಟಗಳನ್ನು ಸಾಲುಸಾಲಾಗಿ ಹಿಂಬಾಲಿಸಿ, ತಜ್ಞರ ಸಾಕ್ಷ್ಯದ ನಿರಾಕರಣೆಯಿಂದ ಹಿಡಿದು 100 ಡಾಲರಿನ ದಂಡದವರೆಗೆ ಎಲ್ಲವನ್ನೂ ಎತ್ತಿಕೊಂಡು, ಪ್ರಶ್ನೆ ಬಂದಾಗ ಮಾತ್ರ ‘ಇದು ಇತಿಹಾಸವಲ್ಲ’ ಎನ್ನುವುದು ಕಲಾವಿದನ ಸ್ವಾತಂತ್ರ್ಯಕ್ಕಿಂತ ವಕೀಲನ ಜಾಣತನವನ್ನೇ ಹೆಚ್ಚು ಹೋಲುತ್ತದೆ. ಯೋಚಿಸುವ ಹಕ್ಕಿಗಾಗಿ ವಾದಿಸುವ ಚಿತ್ರವೊಂದು ಪ್ರೇಕ್ಷಕನಿಗೆ ಯೋಚಿಸಲು ಏನನ್ನೂ ಉಳಿಸದಿರುವುದು ಇನ್ನೂ ದೊಡ್ಡ ವಿಪರ್ಯಾಸ. ಮೊದಲ ಹತ್ತು ನಿಮಿಷಗಳಲ್ಲೇ ಯಾರು ಗೆಲ್ಲಬೇಕೆಂಬುದು ನಿರ್ಧಾರವಾಗಿಬಿಟ್ಟಿರುತ್ತದೆ.

ಎಲ್ಲಕ್ಕಿಂತ ಗಂಭೀರವಾದುದು ಚಿತ್ರದ ಮೌನ. ಸ್ಕೋಪ್ಸ್ ಪ್ರಕರಣದ ಕೇಂದ್ರದಲ್ಲಿದ್ದ ಪಠ್ಯಪುಸ್ತಕ ಜಾರ್ಜ್ ವಿಲಿಯಂ ಹಂಟರ್ ಅವರ ‘ಎ ಸಿವಿಕ್ ಬಯಾಲಜಿ’ (1914). ವಿಕಾಸವಾದದ ಜೊತೆಗೇ ಅದು ಮಾನವ ಜನಾಂಗಗಳನ್ನು ಮೇಲುಕೀಳಾಗಿ ಜೋಡಿಸಿ ಬಿಳಿಯರನ್ನು ತುತ್ತತುದಿಯಲ್ಲಿರಿಸಿತ್ತು. ‘ಕೀಳು’ ವಂಶಗಳನ್ನು ಸಮಾಜದ ಪರಾವಲಂಬಿಗಳೆಂದು ಕರೆದು ಸುಪ್ರಜನನಶಾಸ್ತ್ರವನ್ನು ಬೋಧಿಸಿತ್ತು. ಇದು ಪುಸ್ತಕದೊಳಗಷ್ಟೇ ಉಳಿದ ಮಾತಲ್ಲ. ವಿಚಾರಣೆಯಾದ ಎರಡೇ ವರ್ಷಗಳಲ್ಲಿ, 1927ರ ‘ಬಕ್ ವಿರುದ್ಧ ಬೆಲ್’ ತೀರ್ಪಿನಲ್ಲಿ, ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಯ ಕಾನೂನನ್ನು ಎತ್ತಿಹಿಡಿಯಿತು. ಬ್ರಯನ್ ಅವರ ಜೀವವಿಜ್ಞಾನ ತಪ್ಪಾಗಿತ್ತು, ಕಾಯಿದೆಯೂ ತಪ್ಪಾಗಿತ್ತು. ಆದರೆ ಬಲ್ಲವರ ಹೆಸರಿನಲ್ಲಿ ಬಡವರ ಮೇಲೆ ಏನು ನಡೆಯಬಹುದೆಂಬ ಅವರ ಅಂಜಿಕೆ ತಪ್ಪಾಗಿರಲಿಲ್ಲ. ಡ್ರಮಂಡ್ ಕೊನೆಯಲ್ಲಿ ಬೈಬಲ್ಲನ್ನೂ ಡಾರ್ವಿನ್ನನ ಗ್ರಂಥವನ್ನೂ ಎರಡು ಕೈಗಳಲ್ಲಿ ತೂಗಿ ಒಟ್ಟಿಗೆ ಸೇರಿಸುತ್ತಾನೆ. ಮೂರನೆಯ ಪುಸ್ತಕ ಆ ಮೇಜಿನ ಮೇಲೆ ಇರಲೇ ಇಲ್ಲ.

ಬ್ರೇಡಿ ತನ್ನ ಕೊನೆಯ ಭಾಷಣವನ್ನು ಓದತೊಡಗಿ, ಗದ್ದಲದ ನಡುವೆ ಯಾರೂ ಕೇಳದಿರಲು ನ್ಯಾಯಾಲಯದಲ್ಲೇ ಕುಸಿದು ಸಾಯುತ್ತಾನೆ. ವಾಸ್ತವದಲ್ಲಿ ಪ್ರತಿವಾದಿ ವಕೀಲ ಕ್ಲಾರೆನ್ಸ್ ಡಾರೋ, ಮೇಲ್ಮನವಿಗೆ ದಾರಿಯಾಗಲೆಂದು, ತನ್ನ ಕಕ್ಷಿದಾರನನ್ನು ತಪ್ಪಿತಸ್ಥನೆಂದೇ ಘೋಷಿಸಲು ಪಂಚರನ್ನು ಕೇಳಿದರು. ಇದರಿಂದ ಬ್ರಯನ್ ಅವರಿಗೆ ಸಮಾರೋಪ ಭಾಷಣದ ಅವಕಾಶವೇ ತಪ್ಪಿತು. ಐದು ದಿನಗಳ ಬಳಿಕ ಅವರು ಡೇಟನ್ನಿನಲ್ಲೇ ನಿದ್ದೆಯಲ್ಲಿ ತೀರಿಕೊಂಡರು. ಮಾಡದೆ ಉಳಿದ ಆ ಭಾಷಣ ಮರಣಾನಂತರ ಅಚ್ಚಾಯಿತು. ದುರ್ಬಲರನ್ನು ಉಳಿಸುವ ಲಸಿಕೆ ಮತ್ತು ಆಸ್ಪತ್ರೆಗಳ ಬಗ್ಗೆ ಡಾರ್ವಿನ್ ಬರೆದ ಮಾತುಗಳಿಗೆ ಅದರಲ್ಲಿ ನೇರವಾದ ಆಕ್ಷೇಪವಿದೆ. ಚಿತ್ರವನ್ನು ತರಗತಿಯಲ್ಲಿ ತೋರಿಸುವ ಅಧ್ಯಾಪಕರು ಆ ಪುಟಗಳನ್ನೂ ಹಂಟರ್‌ನ ಕೆಲವು ಪುಟಗಳನ್ನೂ ವಿದ್ಯಾರ್ಥಿಗಳ ಮುಂದಿರಿಸಲು ಯಾವ ಅಡ್ಡಿಯೂ ಇಲ್ಲ.