ಹೊರಬಾರದ ಬೆಂಕಿ

ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯ ಕಡೆಯವರಿಗೆ ಕಲ್ಲೆಂಬುದು ವಿಶೇಷ ವಸ್ತುವಲ್ಲ. ಹೊಸಿಲಿಗೆ ಕಲ್ಲು, ಬಾವಿಕಟ್ಟೆಗೆ ಕಲ್ಲು, ಹಳೆಯ ಮನೆಗಳ ಮಾಡಿಗೂ ಕಲ್ಲುಚಪ್ಪಡಿ. ಆ ತಾಲ್ಲೂಕಿನ ಸಾವನದುರ್ಗವಂತೂ ಒಂದೇ ಬಂಡೆಯೆಂಬಂತೆ ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರಕ್ಕೆ ಎದ್ದು ನಿಂತಿದೆ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನಿಂದ ಕಸಿದುಕೊಂಡ ದುರ್ಗವಿದು. ಅದರ ಬೋಳು ನೆತ್ತಿಯನ್ನೂ ಉಬ್ಬಿದ ಮೈಯನ್ನೂ ಕಂಡು, ಇದು ಆರಿಹೋದ ಜ್ವಾಲಾಮುಖಿಯಿರಬೇಕೆಂದು ಬಗೆಯುವವರುಂಟು. ಬೆಂಕಿಯಿದ್ದುದು ದಿಟ, ಆದರೆ ಅದು ಇಲ್ಲಿ ಬಾಯ್ದೆರೆದು ಹೊರಬಂದುದಲ್ಲ.

ಸುಮಾರು 250 ಕೋಟಿ ವರ್ಷಗಳ ಹಿಂದೆ, ನೆಲದಿಂದ ಹಲವು ಕಿಲೋಮೀಟರ್ ಆಳದಲ್ಲಿ, ಕರಗಿದ ಶಿಲಾರಸವು ಹಳೆಯ ಬಂಡೆಗಳನ್ನು ಸೀಳಿಕೊಂಡು ಮೇಲೇರಿತು. ಮೇಲಣ ಪದರಗಳನ್ನು ಭೇದಿಸಲಾರದೆ ನಡುದಾರಿಯಲ್ಲೇ ನಿಂತಿತು. ಕಂಬಳಿ ಹೊದಿಸಿಟ್ಟ ಪಾತ್ರೆಯಂತೆ ಅದು ಆರಲು ದೀರ್ಘಕಾಲ ಹಿಡಿಯಿತು. ಆ ನಿಧಾನದ ಗುರುತು ಕಲ್ಲಿನಲ್ಲೇ ಇದೆ: ನಸುಗೆಂಪಿನ ಫೆಲ್ಸ್ಪಾರ್ ಹರಳುಗಳು ಕೆಲವೆಡೆ ಹೆಬ್ಬೆರಳಿನಷ್ಟು ದಪ್ಪ, ಅವುಗಳ ನಡುವೆ ಗಾಜಿನಂಥ ಬೆಣಚು, ಕಪ್ಪು ಅಭ್ರಕದ ಚೂರುಗಳು. ಬಿಸಿಲಿಗೆ ಹಿಡಿದರೆ ಶಾಲೆಯ ಹುಡುಗನೂ ಇವನ್ನು ಬೇರೆಬೇರೆಯಾಗಿ ಗುರುತಿಸಬಲ್ಲನು.

ನಿಜವಾಗಿ ಉಕ್ಕಿ ಹರಿದ ಲಾವಾರಸವನ್ನು ನೋಡಬೇಕಾದರೆ ವಿಜಾಪುರಕ್ಕೆ ಹೋಗಬೇಕು. ಅಲ್ಲಿಯ ಕರಿಯ ಕಲ್ಲು ಸುಮಾರು ಆರೂವರೆ ಕೋಟಿ ವರ್ಷಗಳಷ್ಟು ಹಿಂದಿನದು, ಮಾಗಡಿಯ ಬಂಡೆಯ ಮುಂದೆ ಹಸುಗೂಸು. ಗಾಳಿಗೆ ತೆರೆದುಕೊಂಡು ಬೇಗನೆ ಹೆಪ್ಪುಗಟ್ಟಿದ್ದರಿಂದ ಹರಳು ಬೆಳೆಯಲು ಅದಕ್ಕೆ ಬಿಡುವಾಗಲಿಲ್ಲ. ಬರಿಗಣ್ಣಿಗೆ ಅದರ ಕಣಗಳು ಕಾಣುವುದೇ ಕಷ್ಟ. ಗೋಲಗುಂಬಜಿನ ಕಲ್ಲಿಗೂ ಸಾವನದುರ್ಗದ ಕಲ್ಲಿಗೂ ಹುಟ್ಟು ಬೆಂಕಿಯಲ್ಲೇ; ಹರಳಿನ ಗಾತ್ರದ ವ್ಯತ್ಯಾಸ ಆರಿದ ಬಗೆಯಿಂದ.

ಭೂವಿಜ್ಞಾನಿಗಳು ಮಾಗಡಿ, ರಾಮನಗರಗಳ ಈ ಶಿಲೆಯನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರಿನಿಂದ ರಾಮನಗರಕ್ಕೆ ಕ್ಲೋಸ್‌ಪೇಟೆಯೆಂಬ ಹೆಸರಿತ್ತು. ಊರು ಆ ಹೆಸರನ್ನು ಕಳಚಿಹಾಕಿತು. ಕಲ್ಲು ಇನ್ನೂ ಹೊತ್ತುಕೊಂಡಿದೆ! ದಕ್ಷಿಣೋತ್ತರವಾಗಿ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಈ ಶಿಲೆಯ ಪಟ್ಟೆ ಹಬ್ಬಿದೆ.

ಪಾತಾಳದಲ್ಲಿದ್ದ ಬಂಡೆ ಮೇಲೆ ಬಂದುದು ಹೇಗೆ? ಮಳೆ, ಗಾಳಿ, ಹೊಳೆಗಳು ಹೊದಿಕೆಯನ್ನು ಸವೆಸಿದವು. ಭಾರ ಇಳಿದಂತೆ ನೆಲವೂ ಮೆಲ್ಲಗೆ ಮೇಲೆದ್ದಿತು. ಒತ್ತಡ ತಪ್ಪಿದ ಬಂಡೆ ಹಿಗ್ಗಿ, ಈರುಳ್ಳಿಯ ಸಿಪ್ಪೆಯಂತೆ ಪದರುಪದರಾಗಿ ಬಿರಿಯಿತು. ದುರ್ಗದ ದುಂಡುಮೈ ಇದರಿಂದ ಬಂದುದು. ಬಂಡೆ ಬೆಳೆಯುತ್ತದೆಂದು ಹೇಳುವ ಹಿರಿಯರನ್ನು ಕಂಡು ನಗಬೇಕಾಗಿಲ್ಲ. ಮಣ್ಣು ಕೊಚ್ಚಿಹೋದಂತೆಲ್ಲ ಬಂಡೆ ಎತ್ತರವಾಗಿ ಕಾಣುವುದು ಸಹಜ.

ಈ ಗುಣವನ್ನು ಕಲ್ಲುಕುಟಿಗರು ಭೂವಿಜ್ಞಾನಿಗಳಿಗಿಂತ ಮೊದಲೇ ಅರಿತಿದ್ದರು. ಬಂಡೆಯ ಮೇಲೆ ಸೌದೆ ಉರಿಸಿ, ಉರಿಯನ್ನು ಮೆಲ್ಲಮೆಲ್ಲನೆ ಮುಂದಕ್ಕೆ ಸರಿಸುತ್ತ, ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುವರು. ಸದ್ದು ಟೊಳ್ಳಾದರೆ ಪದರು ಬಿಟ್ಟಿತೆಂದು ಅರ್ಥ. ಅಗಲವಾದ ಚಪ್ಪಡಿ ಹಾಗೆಯೇ ಎದ್ದು ಬರುತ್ತಿತ್ತು. ಕೆಳಗಿನ ಬಂಡೆಗೆ ಗಾಯವಿರಲಿಲ್ಲ. ಸಿಡಿಮದ್ದಿಗೆ ಆ ನಯ ತಿಳಿಯದು. ಅದು ಗುಡ್ಡವನ್ನೇ ಒಡೆದು ಜಲ್ಲಿಯಾಗಿಸುತ್ತದೆ, ಮತ್ತು ಒಡೆದ ಜಾಗಕ್ಕೆ ಕೆಳಗಿನಿಂದ ಹೊಸ ಶಿಲಾರಸ ಏರಿ ಬರುವ ಕಾಲ ಮಾಗಡಿಯಲ್ಲಿ ಎಂದೋ ಮುಗಿದಿದೆ.